ಇನ್ನೊಬ್ಬರ ಬೆನ್ನು

ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ, ಬ್ಯಾಂಕಿನ ಸಾಲಿನಲ್ಲಿ ಮುಂದೆ ಇರುವವರ ಬೆನ್ನು ನೋಡುವ ಚಟ ನನಗಿದೆ. ವೃತ್ತಿಯ ಅಭ್ಯಾಸ ಎಂದರೆ ಅದಕ್ಕೆ ಇಲ್ಲದ ಮರ್ಯಾದೆ ಬರುತ್ತದೆ, ಚಟವೇ ಸರಿ. ತಲೆ ತಗ್ಗಿಸಿ ಫೋನ್ ತಿಕ್ಕುತ್ತಿರುವ ಹುಡುಗನ ಕತ್ತಿನ ಬುಡದಲ್ಲಿ ಎದ್ದು ಕಾಣುವ ಗಂಟು ಕುತ್ತಿಗೆಯ ಏಳನೆಯ ಮಣಿ. ಅಲ್ಲಿಂದ ಎಣಿಸಿಕೊಂಡು ಕೆಳಗಿಳಿಯುತ್ತೇನೆ. ಅಂಗಿ ಅಡ್ಡ ಬಂದರೂ ಗುರುತುಗಳು ಸಿಗುತ್ತವೆ. ಹೆಗಲ ಮೂಳೆಯ ಕೆಳತುದಿ ಇರುವಲ್ಲಿ ಎದೆಭಾಗದ ಏಳನೆಯ ಮಣಿ. ಸೊಂಟದ ಎರಡು ಬದಿಯ ಎಲುಬಿನ ಮೇಲಂಚುಗಳನ್ನು ಅಡ್ಡಗೆರೆಯಿಂದ ಸೇರಿಸಿದರೆ ಸೊಂಟಭಾಗದ ನಾಲ್ಕನೆಯದು. ಸಿಸೇರಿಯನ್‌ಗೆ ಮೊದಲು ಬೆನ್ನಿಗೆ ಸೂಜಿ ಹಾಕುವ ಅರಿವಳಿಕೆ ವೈದ್ಯರು ಬೆರಳಿನಿಂದ ತಡವಿ ಹುಡುಕುವುದು ಈ ಗೆರೆಯನ್ನೇ.

ಒಂದು ಹೆಗಲು ಏರಿ ಇನ್ನೊಂದು ಇಳಿದಿರುವ ಹುಡುಗಿ ಕಂಡರೆ ಸ್ಕೋಲಿಯೋಸಿಸ್ ಇರಬಹುದೇ ಎಂದು ಅನುಮಾನ ಬರುತ್ತದೆ. ಬೆನ್ನುಮೂಳೆ ಪಕ್ಕಕ್ಕೆ ವಾಲಿದಾಗ ಮಣಿಗಳು ಬರೀ ವಾಲುವುದಿಲ್ಲ, ತಿರುಚಿಕೊಳ್ಳುತ್ತವೆ. ಹಾಗಾಗಿ ಆಕೆ ಮುಂದಕ್ಕೆ ಬಗ್ಗಿದರೆ ಒಂದು ಬದಿಯ ಪಕ್ಕೆಲುಬು ದಿಬ್ಬವಾಗಿ ಏಳಬೇಕು. ಆಕೆ ಚೀಲ ಎತ್ತಿಕೊಳ್ಳಲು ಬಗ್ಗುವುದನ್ನು ನಾನು ಕಾಯುತ್ತೇನೆ. ಬಗ್ಗಿದಾಗ ದಿಬ್ಬ ಎದ್ದರೆ ಒಳಗೊಳಗೇ ಖುಷಿಯಾಗುತ್ತದೆ. ಆಕೆಗೆ ಇದೊಂದೂ ಗೊತ್ತಾಗುವುದಿಲ್ಲ. ಬೆನ್ನು ನೋಡುವುದರ ಅನುಕೂಲವೇ ಅದು, ಅದು ನಮ್ಮನ್ನು ತಿರುಗಿ ನೋಡುವುದಿಲ್ಲ.

ಈ ಖುಷಿ ಎಂಥದು ಎಂದು ಈಚೆಗೆ ನನ್ನನ್ನು ನಾನು ಕೇಳಿಕೊಳ್ಳತೊಡಗಿದ್ದೇನೆ. ನಿವೃತ್ತಿ ಹತ್ತಿರವಿದೆ, ಪುರುಸೊತ್ತು ಹೆಚ್ಚಿದೆ, ಅದೂ ಕಾರಣವಿರಬಹುದು.

ನಾನು ಅನಾಟಮಿ ಮೇಡಂ. ಉತ್ತರ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ಮಕ್ಕಳಿಗೆ ಶರೀರ ರಚನೆ ಕಲಿಸುತ್ತಾ ಬಂದವಳು. ಎಂಬತ್ತರ ದಶಕದ ನಡುವೆ ಎಂಬಿಬಿಎಸ್ ಸೇರಿದಾಗ ಎಲ್ಲರ ಹಾಗೆ ಸೀನಿಯರ್ ಒಬ್ಬರಿಂದ ಬೋನ್ ಸೆಟ್ ಕೊಂಡಿದ್ದೆ. ತಗಡಿನ ಟ್ರಂಕಿನಲ್ಲಿ ಅರ್ಧ ಅಸ್ಥಿಪಂಜರ, ಜೊತೆಗೆ ಚೌರಾಸಿಯಾ ಅವರ ಪುಸ್ತಕದ ಹಳೆಯ ಸಂಪುಟ ಪುಕ್ಕಟೆ. ಬೆನ್ನುಮೂಳೆಯ ಇಪ್ಪತ್ನಾಲ್ಕು ಬಿಡಿ ಮಣಿಗಳನ್ನು ನೈಲಾನ್ ದಾರದಲ್ಲಿ ಪೋಣಿಸಿದ್ದರು. ಕುತ್ತಿಗೆಗೆ ಏಳು, ಎದೆಗೆ ಹನ್ನೆರಡು, ಸೊಂಟಕ್ಕೆ ಐದು. ಅವುಗಳ ಕೆಳಗೆ ಐದು ಮಣಿ ಬೆಸೆದುಕೊಂಡಾದ ತ್ರಿಕಾಸ್ಥಿ, ಅದರ ತುದಿಗೆ ನಾಲ್ಕು ಚೂರು ಸೇರಿದ ಬಾಲದ ಮೂಳೆ. ನನಗಿಂತ ಮುಂಚೆ ಆ ಮೂಳೆಗಳಲ್ಲಿ ಓದಿದವರು ಮಾಂಸಖಂಡ ಶುರುವಾಗುವಲ್ಲಿ ಕೆಂಪು ಪೆನ್ಸಿಲಿನಿಂದ, ಬಂದು ಅಂಟುವಲ್ಲಿ ನೀಲಿಯಿಂದ ಗೀಚಿದ್ದರು. ಸೊಂಟದ ಎರಡನೆಯ ಮಣಿಯ ಹಿಂಭಾಗದಲ್ಲಿ ಯಾರೋ ತಮ್ಮ ಇನಿಷಿಯಲ್ ಕೆತ್ತಿದ್ದರು.

ದಿನಾ ಕೈಯಲ್ಲಿ ಹಿಡಿದು ಓದುತ್ತಾ ಒಂದು ವಿಷಯ ಗೊತ್ತಾಯಿತು. ಎದೆಭಾಗದ ಹನ್ನೊಂದನೆಯ ಮಣಿ ಮೇಲಿನದಕ್ಕೆ ಕೂಡುತ್ತಿರಲಿಲ್ಲ. ಮಣಿಗಳ ಹಿಂದಿನ ಸಣ್ಣ ಕೀಲುಗಳ ನಯವಾದ ಮುಖಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಇದು ಎಷ್ಟು ತಿರುಗಿಸಿದರೂ ಒಂದು ಕಡೆ ಸಂದು ಬಿಡುತ್ತಿತ್ತು. ಬಣ್ಣವೂ ತುಸು ತಿಳಿ. ಅದು ಬೇರೆ ಯಾರದೋ. ಎಲ್ಲೋ ಒಂದು ಮಣಿ ಕಳೆದಾಗ ಇನ್ನೊಂದು ಡಬ್ಬಿಯಿಂದ ತೆಗೆದು ಪೋಣಿಸಿದ್ದರು. ಅಂದರೆ ನಾನು ಓದುತ್ತಿದ್ದದ್ದು ಇಬ್ಬರ ಬೆನ್ನನ್ನು. ಆಗ ನನಗೆ ಬಂದ ಯೋಚನೆ, ವೈವಾದಲ್ಲಿ ಇದನ್ನೇ ಕೈಗೆ ಕೊಟ್ಟರೆ ಗುರುತಿಸುವುದು ಸುಲಭ ಎಂಬುದಷ್ಟೇ.

ರಜೆಯಲ್ಲಿ ಟ್ರಂಕನ್ನು ಊರಿಗೆ ತಂದೆ. ಅವ್ವ ಅದನ್ನು ದೇವರ ಜಗಲಿಯ ಗೋಡೆಗೆ ತಾಗಿಸಬೇಡ ಎಂದಳು, ಅಷ್ಟೇ. ಒಂದು ಸಂಜೆ ಪಡಸಾಲೆಯಲ್ಲಿ ನಾನು ಮಣಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದಾಗ ಅಕ್ಕಿ ಆರಿಸುತ್ತಿದ್ದವಳು ಕೇಳಿದಳು:

“ಯಾರವ್ವಾ ಇವರು?”

“ಯಾರೋ.”

“ಗಂಡಸರೋ, ಹೆಣ್ಣಮಕ್ಕಳೋ?”

ಸೊಂಟದ ಎಲುಬು ನೋಡಿ ಹೇಳಬಹುದು, ಬೆನ್ನು ಮಣಿಯಿಂದ ಹೇಳುವುದು ಕಷ್ಟ ಎಂದು ಪಾಠ ಒಪ್ಪಿಸಿದೆ. ಅವ್ವ ಮತ್ತೆ ಕೇಳಲಿಲ್ಲ.

ಆ ಮೂಳೆಗಳು ಎಲ್ಲಿಂದ ಬರುತ್ತವೆಂದು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ. ಪ್ರಪಂಚದ ವೈದ್ಯಕೀಯ ಶಾಲೆಗಳಿಗೆ ಅಸ್ಥಿಪಂಜರ ಒದಗಿಸುತ್ತಿದ್ದ ದೊಡ್ಡ ಪೇಟೆ ಕಲ್ಕತ್ತ. 1985ರಲ್ಲಿ ಸರ್ಕಾರ ಮನುಷ್ಯರ ಮೂಳೆಯ ರಫ್ತನ್ನು ನಿಷೇಧಿಸುವವರೆಗೂ ಆ ವ್ಯಾಪಾರ ರಾಜಾರೋಷವಾಗಿ ನಡೆಯಿತು. ಡಿಸೆಕ್ಷನ್ ಹಾಲಿಗೆ ಬರುತ್ತಿದ್ದ ದೇಹಗಳ ಲೆಕ್ಕ ಬೇರೆ: ವಾರಸುದಾರರಿಲ್ಲದ ಹೆಣವನ್ನು ಕಾಲೇಜಿಗೆ ಒಪ್ಪಿಸಲು 1957ರ ನಮ್ಮ ರಾಜ್ಯದ ಅನಾಟಮಿ ಕಾಯ್ದೆಯಲ್ಲಿ ಅವಕಾಶವಿದೆ. ದಾರಿ ಯಾವುದಾದರೂ ಮೂಳೆಯಾಗಿ ನಮ್ಮ ಟೇಬಲ್ಲಿಗೆ ಬಂದವರು ಬಡವರೇ. ಇದು ನಮ್ಮ ದೇಶದ ವಿಶೇಷವೇನಲ್ಲ. 1543ರಲ್ಲಿ ಶರೀರ ರಚನೆಯ ಮಹಾಗ್ರಂಥ ಪ್ರಕಟಿಸಿ ಪ್ರಾಚೀನ ವೈದ್ಯ ಗ್ಯಾಲೆನ್‌ನ ಸಾವಿರ ವರ್ಷದ ತಪ್ಪುಗಳನ್ನು ತಿದ್ದಿದ ವೆಸೇಲಿಯಸ್, ವಿದ್ಯಾರ್ಥಿಯಾಗಿದ್ದಾಗ ತನ್ನ ಮೊದಲ ಅಸ್ಥಿಪಂಜರವನ್ನು ಲೂವೆನ್ ಊರ ಹೊರಗಿನ ಗಲ್ಲುಗಂಬದಿಂದ ಕದ್ದು ತಂದಿದ್ದ. ನಮ್ಮ ವಿದ್ಯೆಯ ಮೂಲದಲ್ಲೇ ಕೇಳದೆ ತೆಗೆದುಕೊಳ್ಳುವ ಗುಣವಿದೆ. ಇದನ್ನು ಹೇಳಿ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ಯಾರಾದರೂ ಅಂದರೆ ಪೂರ್ತಿ ಅಲ್ಲಗಳೆಯಲಾರೆ.

ಆದರೂ ಆ ರಚನೆಯ ಸೊಬಗನ್ನು ಒಪ್ಪಲೇಬೇಕು. ಮಕ್ಕಳಿಗೆ ಬೆನ್ನುಮೂಳೆ ಕಲಿಸುವ ವಾರ ನನಗೆ ಹಬ್ಬ. ಹುಟ್ಟುವಾಗ ಅದಕ್ಕೆ ಇರುವುದು ಒಂದೇ ಬಾಗು, ತಾಯ ಹೊಟ್ಟೆಯಲ್ಲಿ ಮುದುಡಿ ಮಲಗಿದ್ದರ ಬಾಗು. ಮೂರು ನಾಲ್ಕು ತಿಂಗಳಿಗೆ ಕೂಸು ಕತ್ತು ನಿಲ್ಲಿಸಿದಾಗ ಕುತ್ತಿಗೆಯ ಒಳಬಾಗು ಮೂಡುತ್ತದೆ. ಎದ್ದು ನಿಂತು ಹೆಜ್ಜೆ ಹಾಕಿದಾಗ ಸೊಂಟದ್ದು. ಮೊದಲನೆಯ ಮಣಿಗೆ ದೇಹವೇ ಇಲ್ಲ, ಬರೀ ಬಳೆ. ಎರಡನೆಯದು ಆ ಬಳೆಯೊಳಗೆ ಒಂದು ಗೂಟ ಚಾಚಿಕೊಂಡಿರುತ್ತದೆ. ‘ಒಲ್ಲೆ’ ಎಂದು ತಲೆ ಅಲ್ಲಾಡಿಸಿದಾಗೆಲ್ಲ ಬಳೆ ಗೂಟದ ಸುತ್ತ ತಿರುಗುತ್ತದೆ. ಕುತ್ತಿಗೆಯ ಮಣಿಗಳ ಎರಡೂ ಪಕ್ಕಕ್ಕೆ ತೂತುಗಳಿವೆ, ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳ ಅವುಗಳೊಳಗೆ ಹಾದು ಮೇಲೇರುತ್ತದೆ. ಜಿರಾಫೆಯ ಕತ್ತಿನಲ್ಲೂ ಮಣಿ ಏಳೇ ಎಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಮಣಿಗಳ ನಡುವೆ ಇಪ್ಪತ್ಮೂರು ಡಿಸ್ಕುಗಳು. ಅವುಗಳನ್ನು ಮಾತ್ರ ನಾನು ಹೋಳಿಗೆ ಎಂದು ಹೇಳಿಕೊಡುತ್ತೇನೆ: ಹೊರಗೆ ಪದರ ಪದರವಾದ ನಾರಿನ ಕಣಕ, ಒಳಗೆ ಮೆತ್ತನೆಯ ಹೂರಣ, ಮುಂದಿನಂಚು ಒತ್ತಿದರೆ ಹೂರಣ ಹಿಂದಕ್ಕೆ ಸರಿಯುತ್ತದೆ, ಕಣಕ ಹರಿದರೆ ಹೊರಗೆ ಬರುತ್ತದೆ. ಹಿಂದೆ, ತುಸು ಪಕ್ಕಕ್ಕೆ ನರದ ಬೇರು ಇರುವುದರಿಂದ ಕಾಲಿನವರೆಗೆ ಸೆಳೆತ. ಕಾಲುಸೆಳೆತಕ್ಕೂ ಒಡೆದ ಡಿಸ್ಕಿಗೂ ಇರುವ ಈ ನಂಟನ್ನು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು 1934ರಲ್ಲಿ ಖಚಿತವಾಗಿ ತೋರಿಸಿದರು. ದೊಡ್ಡವರ ಡಿಸ್ಕಿಗೆ ಸ್ವಂತ ರಕ್ತನಾಳ ಇಲ್ಲವೆಂದೇ ಹೇಳಬೇಕು, ಅಕ್ಕಪಕ್ಕದ ಮೂಳೆಯಿಂದ ಜಿನುಗಿ ಬಂದದ್ದೇ ಅದರ ಆಹಾರ. ಹಗಲೆಲ್ಲ ನಿಂತು ಕೂತು ಮಾಡುವಾಗ ನೀರು ಹಿಂಡಿಹೋಗಿ ಸಂಜೆಗೆ ನಾವು ಸುಮಾರು ಒಂದು ಸೆಂಟಿಮೀಟರ್ ಕುಳ್ಳಾಗಿರುತ್ತೇವೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ.

ಇನ್ನು ಬೆನ್ನುಹುರಿ. ಅದನ್ನು ನೋಡಬೇಕಾದರೆ ದೇಹವನ್ನು ಬೋರಲು ಮಲಗಿಸಬೇಕು, ಎದೆಯ ಕೆಳಗೆ ಮರದ ದಿಮ್ಮಿ ಇಟ್ಟು ಬೆನ್ನನ್ನು ಎತ್ತರಿಸಬೇಕು. ಚರ್ಮ, ಸ್ನಾಯು ಬಿಡಿಸಿದ ಮೇಲೆ ಮಣಿಗಳ ಹಿಂಗಮಾನುಗಳನ್ನು ಎರಡೂ ಬದಿಗೆ ಗರಗಸದಿಂದ ಕೊಯ್ದು, ಉಳಿಯಿಂದ ಮೀಟಿ, ಇಡೀ ಪಟ್ಟಿಯನ್ನೇ ಎತ್ತಿ ತೆಗೆಯಬೇಕು. ಮೂಳೆ ಕೊಯ್ಯುವಾಗಿನ ಒಣವಾಸನೆ ಫಾರ್ಮಲಿನ್ನಿನ ಘಾಟನ್ನೂ ಮೀರಿ ಮೂಗಿಗೆ ಬರುತ್ತದೆ. ಒಳಗೆ ಬಿಳಿಯ ಚೀಲ. ಕತ್ತರಿಯ ತುದಿಯಿಂದ ಅದನ್ನು ಸೀಳಿದರೆ ಕಿರುಬೆರಳಿನಷ್ಟೂ ದಪ್ಪವಿಲ್ಲದ ಹುರಿ. ಸೊಂಟದ ಒಂದನೆಯ, ಎರಡನೆಯ ಮಣಿಯ ಹತ್ತಿರವೇ ಅದು ಮುಗಿದುಹೋಗುತ್ತದೆ. ಅಲ್ಲಿಂದ ಕೆಳಗೆ ನರಗಳ ಎಳೆಗಳು ಮಾತ್ರ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು “ಇಷ್ಟೇನಾ ಮೇಡಂ?” ಅನ್ನುತ್ತಾರೆ.

ನಮ್ಮ ಬ್ಯಾಚಿನ ಟೇಬಲ್ಲಿನ ಮೇಲಿದ್ದವರಿಗೆ ಗೆಳೆಯರು ಒಬ್ಬ ಸಿನಿಮಾ ನಟನ ಹೆಸರಿಟ್ಟಿದ್ದರು. ನಾನೂ ಆ ಹೆಸರಿಂದಲೇ ಕರೆದಿದ್ದೇನೆ, ನಕ್ಕಿದ್ದೇನೆ. ಹದಿನೆಂಟರ ಪ್ರಾಯದಲ್ಲಿ ಭಯ ಮುಚ್ಚಿಕೊಳ್ಳಲು ಹಾಗೆ ಮಾಡುತ್ತಾರೆಂದು ಈಗ ಮಕ್ಕಳ ಪರ ವಹಿಸಿ ಹೇಳುತ್ತೇನೆ. ನನಗೆ ಭಯವೇನೂ ಆಗಿರಲಿಲ್ಲ. ನನಗೆ ಅಲ್ಲಿ ಹಾಯೆನಿಸುತ್ತಿತ್ತು. ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳು ನರಳುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು, ಸೆರಗು ಹಿಡಿದು ನಿಲ್ಲಿಸುತ್ತಿದ್ದರು, ಇಲ್ಲಿ ಅದಿರಲಿಲ್ಲ. ಒಳ್ಳೆಯ ಅಂಕ ಬಂದಿದ್ದರೂ ಪಿಜಿಗೆ ಅನಾಟಮಿ ಆರಿಸಿಕೊಂಡಾಗ ಎಲ್ಲರಿಗೂ ಹೇಳಿದ ಕಾರಣ ಪಾಠ ಮಾಡುವ ಆಸೆ ಎಂದು. ಅದು ಸುಳ್ಳಲ್ಲ. ಜೊತೆಗೆ ಇದೂ ಇತ್ತು: ನನಗೆ ನೋಡುವುದು ಬೇಕಿತ್ತು, ನೋಡಿಸಿಕೊಳ್ಳುವುದು ಬೇಡವಾಗಿತ್ತು.

ಇಲಾಖೆಯ ಮ್ಯೂಸಿಯಮ್ಮಿನಲ್ಲಿ ನನಗೆ ಬಲು ಮೆಚ್ಚಿನ ಒಂದು ಸ್ಪೆಸಿಮನ್ ಇದೆ. ಕ್ಷಯ ಹಿಡಿದ ಬೆನ್ನುಮೂಳೆ. ಲಂಡನ್ನಿನ ಪರ್ಸಿವಾಲ್ ಪಾಟ್ 1779ರಲ್ಲಿ ವಿವರಿಸಿದ್ದರಿಂದ ಅವನ ಹೆಸರಲ್ಲೇ ಈ ಕಾಯಿಲೆ ನಡೆಯುತ್ತದೆ. ನಮ್ಮಲ್ಲಿ ಇನ್ನೂ ಹೋಗಿಲ್ಲ. ಎದೆಭಾಗದ ಮೂರು ಮಣಿಗಳ ಮುಂಭಾಗವನ್ನು ರೋಗ ತಿಂದುಹಾಕಿ, ಉಳಿದ ಹಿಂಭಾಗಗಳು ಒಂದಕ್ಕೊಂದು ಕೂಡಿಕೊಂಡು, ಇಡೀ ಕಂಬ ಚೂಪು ಮೊಣಕೈಯಾಗಿ ಮಡಚಿದೆ. ಮಣಿಗಳ ಗಾತ್ರ ಸಣ್ಣದು, ಅಂಚುಗಳು ಪೂರ್ತಿ ಬಲಿತಿಲ್ಲ, ಎಳೆಯ ವಯಸ್ಸಿನವರದು. ಊರಲ್ಲಿ ಅವರನ್ನು ಗೂನ ಎಂದೋ ಗೂನಿ ಎಂದೋ ಕರೆದಿರುತ್ತಾರೆ. ಕಾಲು ಸೋತಿದ್ದವೇ? ಹುರಿ ಹಾದುಹೋಗುವ ಕಾಲುವೆ ಆ ತಿರುವಿನಲ್ಲಿ ಎಷ್ಟು ಕಿರಿದಾಗಿದೆ ಎಂದರೆ ಪೆನ್ಸಿಲ್ಲೂ ತೂರುವುದಿಲ್ಲ. ಪರೀಕ್ಷೆಯ ದಿನ ಅದನ್ನು ಸ್ಪಾಟರ್ ಇಡುತ್ತೇನೆ, ಗುರುತಿಸಿದರೆ ಎರಡು ಅಂಕ. ಹೊರಗಿನಿಂದ ಬಂದ ಪರೀಕ್ಷಕರು “ಬಾಳ ಚಂದ ಅದರೀ ಮೇಡಂ” ಎಂದರೆ ನನ್ನ ಮಗಳನ್ನು ಹೊಗಳಿದಷ್ಟು ಸಂತೋಷ.

ಈ ಸಂತೋಷದಲ್ಲಿ ಏನೋ ಒಂದು ಕೊರತೆ ಇದೆ ಎಂದು ನನಗೆ ಹೊಳೆದದ್ದು ಅವ್ವನ ಬೆನ್ನು ಬಾಗತೊಡಗಿದಾಗ.

ಮನೆಯಲ್ಲಿ ಮೊದಲು ಗಮನಿಸಿದವಳು ನಾನೇ. ಅವ್ವನ ಸೀರೆಯ ನೆರಿಗೆ ನೆಲ ಗುಡಿಸುತ್ತಿತ್ತು. ಕುಪ್ಪಸ ಹಿಂದೆ ಮೇಲಕ್ಕೆ ಸರಿದು ಮುಂದೆ ಸಡಿಲಾಗಿ ಜೋಲುತ್ತಿತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುವ ಬಗೆಯನ್ನು ನಾನು ಕೊಯ್ದ ಮಣಿಗಳಲ್ಲಿ ತೋರಿಸುತ್ತಾ ಬಂದಿದ್ದೆ: ಒಳಗಿನ ಜಾಲದಲ್ಲಿ ಅಡ್ಡ ಎಳೆಗಳು ಮೊದಲು ಹೋಗುತ್ತವೆ, ನಿಂತ ಎಳೆಗಳು ಉಳಿಯುತ್ತವೆ, ಅಡ್ಡದ ಆಸರೆ ತಪ್ಪಿದ ಮೇಲೆ ಒಂದು ದಿನ ಮಣಿಯ ಮುಂಭಾಗ ಕುಸಿಯುತ್ತದೆ. ಬೀಳಬೇಕೆಂದೇನಿಲ್ಲ, ಕೊಡ ಎತ್ತಿದರೆ, ಕೆಮ್ಮಿದರೆ ಸಾಕು. ಬಹಳ ಜನರಿಗೆ ಅದು ಮುರಿದದ್ದೇ ತಿಳಿಯುವುದಿಲ್ಲ, ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಅವ್ವನ ಹಿಂದೆ ನಿಂತು ನಾನು ಯಾವ ಮಣಿ ಎಂದು ಲೆಕ್ಕ ಹಾಕಿದೆ. ಎದೆಭಾಗದ ಹನ್ನೆರಡನೆಯದು ಒಂದು, ಎಂಟನೆಯದು ಇನ್ನೊಂದು. ಎಕ್ಸ್‌ರೇಯಲ್ಲಿ ಹಾಗೇ ಬಂತು. ಸರಿಯಾಗಿ ಹೇಳಿದ್ದೆನಲ್ಲ ಎಂಬ ಹೆಮ್ಮೆ ಮೊದಲು ಬಂತು, ಅವ್ವ ಆಮೇಲೆ ಬಂದಳು. ಎರಡರ ನಡುವೆ ಹೆಚ್ಚು ಹೊತ್ತಾಗಲಿಲ್ಲ. ಮೂಳೆಯ ಸಾಂದ್ರತೆ ಅಳೆಸಿದ್ದು, ಔಷಧಿ ಶುರು ಮಾಡಿಸಿದ್ದು, ಬಚ್ಚಲಿಗೆ ಹಿಡಿಕೆ ಹಾಕಿಸಿದ್ದು ಎಲ್ಲ ಹೊತ್ತಿಗೆ ಸರಿಯಾಗಿಯೇ ಆಯಿತು. ಮಗಳಾಗಿ ಮಾಡಬೇಕಾದ್ದನ್ನು ಮಾಡಿದೆ. ನಾನು ಹೇಳುತ್ತಿರುವುದು ಆ ಕ್ರಮದ ಬಗ್ಗೆ, ಯಾವುದು ಮೊದಲು ಬಂತು ಎಂಬುದರ ಬಗ್ಗೆ.

“ಏನ್ ನೋಡಾಕತ್ತಿ ಹಿಂದ ನಿಂತು?” ಎಂದು ಅವ್ವ ತಿರುಗದೆಯೇ ಕೇಳಿದ್ದಳು. ಬೆನ್ನು ತಿರುಗಿ ನೋಡುವುದಿಲ್ಲ ಎಂದೆನಲ್ಲ, ಅವ್ವನ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ.

ನಾವು ಲಿಂಗಾಯತರು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಕೂತ ಭಂಗಿಯಲ್ಲೇ ಸಮಾಧಿ. ಅವ್ವ ಹೋದಾಗ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ಬೆನ್ನು ಗೋಡೆಗೆ ಹೊಂದಲಿಲ್ಲ. ಗೂನು ಮಾತ್ರ ತಾಗುತ್ತಿತ್ತು, ತಲೆ ಮುಂದಕ್ಕೆ ಬಾಗುತ್ತಿತ್ತು. ಹಣೆಗೆ ಬಿಳಿ ಬಟ್ಟೆ ಕಟ್ಟಿ ಗೋಡೆಯ ಗೂಟಕ್ಕೆ ಬಿಗಿದರು, ಸೊಂಟದ ಹಿಂದಿನ ಸಂದಿಗೆ ಚಿಕ್ಕಮ್ಮ ಒಂದು ಕೌದಿಯನ್ನು ಮಡಚಿ ತುರುಕಿದಳು. ಬಾಗಿದ ಬೆನ್ನಿನವರನ್ನು ಗೋಡೆಗೆ ನಿಲ್ಲಿಸಿ, ತಲೆಯ ಹಿಂಬದಿಗೂ ಗೋಡೆಗೂ ಎಷ್ಟು ಅಂತರವಿದೆ ಎಂದು ಅಳೆಯುವ ಒಂದು ಪರೀಕ್ಷೆ ಉಂಟು. ಸರಿಯಿದ್ದವರಿಗೆ ಅಂತರ ಸೊನ್ನೆ. ಭಜನೆ ನಡೆದಿತ್ತು, ಹೆಣ್ಣುಮಕ್ಕಳು ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಕಣ್ಣು ಮಾತ್ರ ಆ ಅಂತರವನ್ನು ಅಳೆಯಿತು. ಒಂದು ಗೇಣಿಗೆ ತುಸು ಕಡಿಮೆ.

ಇದು ನಿರ್ದಯೆಯೋ, ದುಃಖ ತಡೆದುಕೊಳ್ಳುವ ನನ್ನ ದಾರಿಯೋ ಎಂದು ಬಹಳ ಯೋಚಿಸಿದ್ದೇನೆ. ಎರಡನೆಯದೆಂದು ನಂಬಲು ಇಷ್ಟ. ಆದರೆ ಬಸ್ಸಿನ ಆ ಹುಡುಗಿಯನ್ನು ನೋಡುವಾಗ ನನಗೆ ಯಾವ ದುಃಖವನ್ನೂ ತಡೆದುಕೊಳ್ಳುವುದಿರುವುದಿಲ್ಲ.

ಆಮೇಲೆ ನನ್ನ ಸರದಿ ಬಂತು. ಸೊಂಟನೋವು ಬಿಡದಿದ್ದಾಗ ಎಂಆರ್‌ಐ ಮಾಡಿಸಿದೆ. ರೇಡಿಯಾಲಜಿಯ ಕಿರಿಯ ವೈದ್ಯ, ನನ್ನ ಹಳೆಯ ವಿದ್ಯಾರ್ಥಿ, ಚಿತ್ರಗಳನ್ನು ಪರದೆಯ ಮೇಲೆ ಬಿಡಿಸಿ ಬೆರಳಿಟ್ಟು ತೋರಿಸತೊಡಗಿದ. ನೀರು ಆರಿದ ಡಿಸ್ಕು ಕಪ್ಪಾಗಿ ಕಾಣುತ್ತದೆ; ನನ್ನವು ಎರಡು ಕಪ್ಪಾಗಿದ್ದವು, ಒಂದು ಉಬ್ಬಿತ್ತು. ಅದಕ್ಕೆ ನಾನು ಹೆದರಲಿಲ್ಲ. ಬೆನ್ನುನೋವೇ ಇಲ್ಲದ 98 ಜನರನ್ನು ಹೀಗೇ ಪರೀಕ್ಷಿಸಿ 1994ರಲ್ಲಿ ಅಮೆರಿಕದವರು ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಾದರೂ ಡಿಸ್ಕು ಉಬ್ಬಿತ್ತು. ಚಿತ್ರದಲ್ಲಿ ಕಂಡದ್ದೆಲ್ಲ ನೋವಲ್ಲ, ನೋವೆಲ್ಲ ಚಿತ್ರದಲ್ಲಿ ಕಾಣುವುದೂ ಇಲ್ಲ. ನನಗೆ ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. ಪರದೆಯ ಮೂಲೆಯಲ್ಲಿ ನನ್ನ ಹೆಸರು, ವಯಸ್ಸು ಇತ್ತು. ಹುಡುಗ ಉತ್ಸಾಹದಿಂದ ಹೇಳಿದ: “ಮೇಡಂ, ನಿಮ್ಮ ಎಲ್5 ಸೇಕ್ರಮ್ಮಿಗೆ ಕೂಡಿಕೊಂಡದ! ನೀವೇ ನಮಗ ಪಾಠ ಮಾಡಿದ್ರಿ ನೋಡ್ರಿ.” ಸೊಂಟದ ಐದನೆಯ ಮಣಿ ತ್ರಿಕಾಸ್ಥಿಗೆ ಬೆಸೆದುಕೊಂಡು ನನಗೆ ಸೊಂಟದ ಬಿಡಿ ಮಣಿಗಳು ನಾಲ್ಕೇ. ಅಪರೂಪವೇನಲ್ಲ, ರೋಗವೂ ಅಲ್ಲ. ಅವನ ಮುಖದಲ್ಲಿದ್ದ ಖುಷಿಯ ಗುರುತು ನನಗೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂತಲ್ಲೇ ಸೆರಗನ್ನು ಬೆನ್ನ ಮೇಲೆ ಹೊದ್ದುಕೊಂಡೆ.

ಈಗ ಕಾಲ ಬದಲಾಗಿದೆ. 2019ರ ಹೊಸ ಪಠ್ಯಕ್ರಮ ಬಂದ ಮೇಲೆ ಛೇದನ ಶುರುವಾಗುವ ಮುನ್ನ ಮಕ್ಕಳು ದೇಹದ ಮುಂದೆ ನಿಂತು ಪ್ರತಿಜ್ಞೆ ಮಾಡುತ್ತಾರೆ, ದೇಹವೇ ಮೊದಲ ಗುರು ಎಂಬ ಪಾಠವೇ ಇದೆ. ತಾವಾಗಿ ಬರೆದುಕೊಟ್ಟವರ ದೇಹಗಳು ಹೆಚ್ಚಾಗಿವೆ. ನಮ್ಮ ಸೀಮೆಯಲ್ಲಿ ಈ ವಿಚಾರ ಹರಡಲು ಒಂದು ದೊಡ್ಡ ಕಾರಣ 2010ರಲ್ಲಿ ಬೆಳಗಾವಿಯಲ್ಲಿ ನಡೆದದ್ದು: ಆಯುರ್ವೇದ ಕಾಲೇಜಿನ ಶರೀರ ರಚನಾ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ಇಚ್ಛೆಯಂತೆ, ಕಾದಿರಿಸಿದ್ದ ಅವರ ದೇಹವನ್ನು ವಿದ್ಯಾರ್ಥಿಗಳ ಎದುರು ತಾವೇ ಛೇದಿಸಿದರು. ಆ ಸುದ್ದಿ ಓದಿದಾಗ ನಾನು ಅವ್ವನ ಬಗ್ಗೆ ಯೋಚಿಸಿದ್ದೆ, ಸಾಧ್ಯವೇ ಇಲ್ಲ ಎಂದು ಪತ್ರಿಕೆ ಮಡಚಿಟ್ಟಿದ್ದೆ.

ರೋಟರಿಯಲ್ಲಿ, ಮಹಿಳಾ ಮಂಡಳದಲ್ಲಿ ದೇಹದಾನದ ಮೇಲೆ ಭಾಷಣ ಮಾಡುತ್ತಾ ಬಂದಿದ್ದೇನೆ. ಸತ್ತ ಮೇಲೆ ಈ ಮೂಳೆ ಯಾರಿಗೆ ಬೇಕು ಎನ್ನುತ್ತೇನೆ, ಚಪ್ಪಾಳೆ ಬೀಳುತ್ತದೆ. ನನ್ನ ಸ್ವಂತ ಅರ್ಜಿ ಮಾತ್ರ ಬಹುಕಾಲ ಖಾಲಿ ಇತ್ತು. ಯಾರಾದರೂ ಕೇಳಿದರೆ ಮನೆಯವರ ಒಪ್ಪಿಗೆ ಎನ್ನುತ್ತಿದ್ದೆ. ನಿಜ ಅದಲ್ಲ. ಕೊಟ್ಟರೆ ಹೋಗಬೇಕಾದ್ದು ನಾನು ಓಡಾಡಿದ ಆ ಹಾಲಿಗೇ; ಅಟೆಂಡರ್‌ಗೆ ನನ್ನ ಮುಖ ಗೊತ್ತು. ಯಾರೋ ನನ್ನ ಬೆನ್ನನ್ನು ನಾನು ನೋಡಿದ ಹಾಗೆ ನೋಡುತ್ತಾರೆ, ನಾಲ್ಕೇ ಮಣಿ ಎಂದು ಎಣಿಸಿ ಕುಣಿಯುತ್ತಾರೆ, ಸ್ಪಾಟರ್ ಇಡುತ್ತಾರೆ. ಬೇರೆ ಕಾಲೇಜಿಗೆ ಕೊಡಬಹುದಲ್ಲ ಎಂದು ಬೆಂಗಳೂರಿನ ಮಗಳು ಹೇಳಿದಳು. ಹಾಗೆಂದ ಕೂಡಲೇ, ನಮ್ಮ ಹಾಲಿನಲ್ಲೇ ಇರಲಿ, ನಮ್ಮ ಮ್ಯೂಸಿಯಮ್ಮಿಗೆ ಅಂಥ ಬೆಸೆದ ಸ್ಪೆಸಿಮನ್ ಒಳ್ಳೆಯದೊಂದು ಇಲ್ಲ ಎಂದು ನನ್ನ ಬಾಯಿಂದ ಬಂತು. “ಅಮ್ಮಾ, ನಿನಗ ತೋರಿಸೋ ಆಸೆನೂ ಅದ,” ಎಂದು ನಕ್ಕಳು. ಇರಬಹುದು. ನಾಚಿಕೆಯ ಜೊತೆಗೇ ಅದೂ ಇರಬಹುದು.

ಅರ್ಜಿಯನ್ನು ಈ ಶ್ರಾವಣದಲ್ಲಿ ತುಂಬಿದೆ. ಸಾಕ್ಷಿಗೆ ರಕ್ತಸಂಬಂಧಿಕರೊಬ್ಬರ ಸಹಿ ಬೇಕು. ಮಗಳದು ಸಾಕಿತ್ತು, ಆದರೆ ನಾಳೆ ಮುಂದೆ ನಿಂತು ಕಾರ್ಯ ಮಾಡಬೇಕಾದವನು ತಮ್ಮ. ಅವನನ್ನು ಬಿಟ್ಟು ಮಾಡಿದರೆ ಜಗಳ. ಮನೆಗೆ ಕರೆದು ಮುಂದಿಟ್ಟೆ. ಅವನು ಎರಡೂ ಮಗ್ಗುಲು ಓದಿ, ಕನ್ನಡಕ ತೆಗೆದು ಕೇಳಿದ:

“ಅಕ್ಕಾ, ನಮ್ಮೊಳಗ ಕುಂಡ್ರಿಸಿ ಮಣ್ಣ ಕೊಡ್ತಾರ. ನೀ ಟೇಬಲ್ ಮ್ಯಾಲ ಬಕ್ಕಬಾರಲ ಬೀಳ್ತೀ ಏನು?”

“ಮೊದಲ ಅಂಗಾತ ಮಲಗಿಸ್ತಾರ. ಬೆನ್ನಿನ ಪಾಳಿ ಬಂದಾಗ ಹೊಳ್ಳಿಸ್ತಾರ.”

“ಯಾರು ಹೊಳ್ಳಿಸೋದು?”

“ಹುಡುಗ್ರು. ನಾಕು ಮಂದಿ ಬೇಕಾಗ್ತದ.”

ಅವನು ಸ್ವಲ್ಪ ಹೊತ್ತು ಅರ್ಜಿಯನ್ನೇ ನೋಡಿದ. ಆಮೇಲೆ ಚಹಾ ಕುಡಿದ, ಹೊಲದ ಮಾತು ತೆಗೆದ, ಹೋಗುವಾಗ ಕಾಗದ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋದ. ದೀಪಾವಳಿಗೆ ಬಂದಾಗ ಕೇಳಬೇಕು.